‘ರಾಜ್ಯಗಳ ಹಕ್ಕು’ ಅಂತ ಬರೆಯೋ ಮೊದಲು

ಬೆಂಗಳೂರಿನ ವಿಜಯನಗರದ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಕೆಎಎಸ್ ನೋಟ್ಸ್‌ನಲ್ಲಿ ಅಮೆರಿಕದ ಅಂತರ್ಯುದ್ಧಕ್ಕೆ ಕಾರಣಗಳ ಪಟ್ಟಿ ಇರುತ್ತದೆ: ರಾಜ್ಯಗಳ ಹಕ್ಕು (ರಾಜ್ಯದ ವಿಷಯಕ್ಕೆ ಕೇಂದ್ರ ಕೈಹಾಕಬಾರದು ಎಂಬ ವಾದ), ಸುಂಕ, ಆರ್ಥಿಕ ವ್ಯತ್ಯಾಸ, ಕೊನೆಗೆ ಗುಲಾಮಗಿರಿ. ಪಟ್ಟಿ ತಲೆಕೆಳಗಾಗಿದೆ.

ಶುರು ಮಾಡಬೇಕಾದ್ದು ಹತ್ತಿಯಿಂದ. ಅಮೆರಿಕದ ದಕ್ಷಿಣ ರಾಜ್ಯಗಳ ಒಳನಾಡಿನ ಗಿಡ್ಡ ಎಳೆಯ ಹತ್ತಿಯಲ್ಲಿ ಬೀಜ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕೈಯಲ್ಲಿ ತೆಗೆದರೆ ಒಬ್ಬರಿಗೆ ದಿನಕ್ಕೆ ಒಂದು ಪೌಂಡ್ ಅರಳೆ ಸಿಕ್ಕರೆ ಹೆಚ್ಚು. ಎಲಿ ವಿಟ್ನಿ 1793ರಲ್ಲಿ ಮಾಡಿದ ಜಿನ್ನಿನ (ಬೀಜ ಬಿಡಿಸುವ ಯಂತ್ರದ) ಉರುಳೆಗೆ ತಂತಿಯ ಹಲ್ಲುಗಳಿದ್ದವು. ಅವು ಕಿರಿದಾದ ಸಂದಿಯೊಳಗಿಂದ ಎಳೆಯನ್ನಷ್ಟೇ ಎಳೆದುಕೊಳ್ಳುತ್ತಿದ್ದವು, ಬೀಜ ಈಚೆಗೇ ಉಳಿಯುತ್ತಿತ್ತು. ಕೈಯಲ್ಲಿ ತಿರುಗಿಸಿದರೂ ದಿನಕ್ಕೆ 50 ಪೌಂಡ್! ಯಂತ್ರ ಬಂದರೆ ಆಳು ಕಡಿಮೆ ಸಾಕು ಅನ್ನಿಸುತ್ತದಲ್ಲ, ಆದದ್ದು ಉಲ್ಟಾ. ಬಿತ್ತೋದು, ಕಳೆ ತೆಗೆಯೋದು, ಹತ್ತಿ ಬಿಡಿಸೋದು ಕೈಕೆಲಸವಾಗಿಯೇ ಉಳಿಯಿತು. ಲಾಭ ಕಂಡದ್ದೇ ತಡ, ಹತ್ತಿ ಹೊಲ ಅಲಬಾಮಾ, ಮಿಸಿಸಿಪ್ಪಿಗೆಲ್ಲ ಹಬ್ಬಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಜನಗಣತಿಯಲ್ಲಿ 39 ಲಕ್ಷ ದಾಟಿತ್ತು.

ಲಿಂಕನ್ 1860ರ ಅಧ್ಯಕ್ಷ ಚುನಾವಣೆಯಲ್ಲಿ ಗುಲಾಮಗಿರಿಯನ್ನು ಇದ್ದಲ್ಲಿಂದ ಕಿತ್ತುಹಾಕುತ್ತೇನೆ ಅನ್ನಲಿಲ್ಲ. ಪಶ್ಚಿಮದ ಹೊಸ ಪ್ರಾಂತ್ಯಗಳಿಗೆ ಹಬ್ಬಬಾರದು ಎಂದದ್ದಷ್ಟೇ. ಅವರು ಗೆದ್ದರು, ಅಷ್ಟಕ್ಕೇ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ಅದರ ಘೋಷಣೆಯನ್ನು ಓದಿ ನೋಡಿ: ಓಡಿಬಂದ ಗುಲಾಮರನ್ನು ಹಿಡಿದುಕೊಡದಂತೆ ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ ಅನ್ನೋದೇ ಅದರ ದೊಡ್ಡ ದೂರು. ಅಂದರೆ ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದಕ್ಕೇ ಇವರಿಗೆ ಸಿಟ್ಟು! ಅದರಂತೆಯೇ ಹೊರನಡೆದ ದಕ್ಷಿಣದ ರಾಜ್ಯಗಳು ಸೇರಿ ಬರೆದುಕೊಂಡ ಹೊಸ ಸಂವಿಧಾನವಂತೂ ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನೇ ನಿಷೇಧಿಸಿತ್ತು.

1861ರ ಏಪ್ರಿಲ್‌ನಲ್ಲಿ ಶುರುವಾದ ಉತ್ತರ-ದಕ್ಷಿಣಗಳ ಯುದ್ಧ ನಾಲ್ಕು ವರ್ಷದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತಿಂದಿತು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದ್ದರಿಂದ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಸಿಗದೆ, ನಮ್ಮ ಧಾರವಾಡದ ಹತ್ತಿಗೂ ಬೇಡಿಕೆ ಏರಿತು. ಬೆಂಗಳೂರಿನ ದಂಡಿಗೆ ಮೊದಲ ರೈಲು ಬಂದ 1864ರಲ್ಲಿ ಅಮೆರಿಕದಲ್ಲಿ ಇನ್ನೂ ಕಾದಾಟ ನಡೆದೇ ಇತ್ತು.

ಪರಿಣಾಮ ಅಂದಕೂಡಲೇ ‘ಗುಲಾಮಗಿರಿ ರದ್ದಾಯಿತು’ ಅಂತ ಬರೆದು ಪೆನ್ನು ಮುಚ್ಚುವವರೇ ಹೆಚ್ಚು. ಅದನ್ನು ರದ್ದು ಮಾಡಿದ ಸಂವಿಧಾನದ 1865ರ 13ನೇ ತಿದ್ದುಪಡಿಯಲ್ಲೇ ‘ಅಪರಾಧಕ್ಕೆ ಶಿಕ್ಷೆಯಾಗಿ ಹೊರತು’ ಎಂಬ ಕಿಂಡಿಯಿದೆ. ಅದೇ ವರ್ಷ ಮಿಸಿಸಿಪ್ಪಿ ಮಾಡಿದ ಕಾನೂನಿನಂತೆ ಕಪ್ಪುಜನರು ಪ್ರತಿ ಜನವರಿಯಲ್ಲಿ ಕೆಲಸವಿದೆ ಎಂದು ಲಿಖಿತ ಪುರಾವೆ ತೋರಿಸಬೇಕಿತ್ತು. ಇಲ್ಲದಿದ್ದರೆ ಅಲೆಮಾರಿ ಎಂದು ದಂಡ. ಐದು ದಿನದಲ್ಲಿ ಕಟ್ಟದಿದ್ದರೆ, ಅವರ ಪರವಾಗಿ ದಂಡ ಕಟ್ಟಿದವನ ಹೊಲದಲ್ಲಿ ದುಡಿತ.

ಆಮೇಲೆ ಬಂದದ್ದು ನಮ್ಮ ಕೋರು ಪದ್ಧತಿಯಂಥದ್ದು. ಹೊಲ, ಹೇಸರಗತ್ತೆ, ಬೀಜ ಧಣಿಯದು. ಮನೆಸಾಮಾನು ಅಂಗಡಿಯಿಂದ ಸಾಲಕ್ಕೆ, ಹೆಚ್ಚಿನ ಬೆಲೆಗೆ. ಸುಗ್ಗಿಯಲ್ಲಿ ಅರ್ಧ ಬೆಳೆ ಧಣಿಗೆ, ಉಳಿದರ್ಧದಲ್ಲಿ ಸಾಲದ ಚುಕ್ತಾ. ಅದೂ ಸಾಕಾಗದಿದ್ದರೆ ಬಾಕಿ ಮುಂದಿನ ವರ್ಷದ ಪುಟಕ್ಕೆ. ಹೊಟ್ಟೆಗೆ ಮುಸುಕಿನ ಜೋಳ ಬೆಳೆದುಕೊಳ್ಳೋಣ ಎಂದರೂ ಆಗದು: ಸಾಲಕ್ಕೆ ಅಂಗಡಿಯವನು ಒತ್ತೆ ಕೇಳುತ್ತಿದ್ದದ್ದು ಹತ್ತಿಯನ್ನೇ.