ಗ್ರೀಸಾ?

ಈ ಮಂಗಳವಾರ ರಾತ್ರಿ ನಮ್ಮ ಸೋದರಮಾವ ಫೋನಿನಲ್ಲಿ ಒಂದೇ ಮಾತು ಕೇಳಿದರು. "ಗ್ರೀಸಾ?"

ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಅವರ ಮನೆಯ ಟಿವಿ ಸದ್ದು ಮಾತ್ರ ಕೇಳುತ್ತಿತ್ತು. ಮತ್ತೆ "ಬರೀ ಗ್ರೀಸಾ?" ಅಂದರು. ನಾನು ಹೂಂ ಅಂದೆ. "ಸರಿ, ಊಟ ಆಯ್ತಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟರು.

ಅವರ ಅಗ್ಫಾ ಐಸೊಲೆಟ್ ತ್ರೀ ಕ್ಯಾಮೆರಾ ಎರಡು ತಿಂಗಳಿಂದ ನನ್ನ ಮೇಜಿನ ಮೇಲಿದೆ. ಬೀರು ಖಾಲಿ ಮಾಡುವಾಗ ಸಿಕ್ಕಿತು, ಬೇಕಾದರೆ ಇಟ್ಕೋ ಅಂತ ಕೊಟ್ಟಿದ್ದರು. ಜರ್ಮನಿಯ ಮ್ಯೂನಿಕ್‌ನಲ್ಲಿ 1950ರ ದಶಕದಲ್ಲಿ ತಯಾರಾದದ್ದು. ಮಡಚಿದರೆ ಕೋಟಿನ ಜೇಬಿಗೆ ಹೋಗುತ್ತದೆ. ಗುಂಡಿ ಒತ್ತಿದರೆ ಬಾಗಿಲು ತೆರೆದು ಲೆನ್ಸು ಹಾರ್ಮೋನಿಯಂ ತಿದಿಯ ಹಾಗೆ ಮುಂದೆ ಬರುತ್ತದೆ. ಹಳೇ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಗೆ ಹಾಕುತ್ತಿದ್ದೆವಲ್ಲ, ಅದೇ 120 ಫಿಲಂ ರೋಲು, ಅದೇ 12 ಚೌಕ ಫೋಟೋ.

ಇದರಲ್ಲಿ ದೂರ ಅಳೆಯುವುದು ಒಂದು ಚಂದದ ಕೆಲಸ. ಕಿಂಡಿಯಲ್ಲಿ ನೋಡಿದರೆ ಎದುರಿಗಿರುವ ಒಬ್ಬ ಇಬ್ಬರಾಗಿ ಕಾಣುತ್ತಾನೆ. ಮೇಲಿನ ಚಕ್ರ ತಿರುಗಿಸಿ ಆ ಇಬ್ಬರನ್ನೂ ಒಬ್ಬನ ಮೇಲೊಬ್ಬನನ್ನು ಕೂರಿಸಬೇಕು. ಆಗ ಚಕ್ರದಲ್ಲಿ ಎಷ್ಟು ಅಡಿ ಅಂತ ಓದಿ, ಅದೇ ಅಂಕಿಯನ್ನು ಲೆನ್ಸಿನ ರಿಂಗಿನಲ್ಲಿ ಕೈಯಾರೆ ಇಡಬೇಕು. ಚಕ್ರಕ್ಕೂ ಲೆನ್ಸಿಗೂ ಒಳಗೆ ಯಾವ ಸಂಬಂಧವೂ ಇಲ್ಲ. ಚಕ್ರ ನಿಜ ಹೇಳಿದರೂ ಲೆನ್ಸು ಸುಳ್ಳು ಹೇಳಬಹುದು.

ಮಾವ 1985ರಲ್ಲಿ ನಮ್ಮ ದೊಡ್ಡಕ್ಕನ ಮದುವೆ ತೆಗೆದದ್ದು ಇದರಲ್ಲೇ. "ಸ್ಟುಡಿಯೋದವನಿಗೆ ಯಾಕೆ ದುಡ್ಡು, ಮನೇಲೇ ಕ್ಯಾಮೆರಾ ಇದೆಯಲ್ಲ" ಅಂದವರು ನಮ್ಮ ತಾತ. ಎಲ್ಲ ಫೋಟೋಗಳಲ್ಲೂ ಮುಖಗಳು ಮಂಜು ಮಂಜು. ಧಾರೆ ಎರೆಯುವಾಗಿನದರಲ್ಲಿ ಗಂಡು ಯಾರು, ಪುರೋಹಿತರು ಯಾರು ಅಂತ ಪಂಚೆ ನೋಡಿ ಹೇಳಬೇಕು. ದುಡ್ಡು ಉಳಿಸಿದ ತಾತನನ್ನು ಯಾರೂ ಏನೂ ಅನ್ನಲಿಲ್ಲ. ಮಾವನಿಗೆ ಆಗ ನಲವತ್ತು. ಚಾಳೀಸು ಬಂದಿದೆ ಅಂದರು. ಕೈ ನಡುಗುತ್ತೆ ಅಂದರು. ನಮ್ಮ ಚಿಕ್ಕಮ್ಮನದು ಎಲ್ಲರಿಗಿಂತ ಹರಿತ ನಾಲಿಗೆ: "ನಮ್ಮಣ್ಣಂಗೆ ಗುಡಿ ಗೋಪುರ ತೆಗೆಯೋಕೆ ಬರುತ್ತೆ, ಜನರನ್ನ ತೆಗೆಯೋಕೆ ಬರಲ್ಲ." ಈ ಮಾತು ನಮ್ಮ ಮನೆಯಲ್ಲಿ ಗಾದೆಯೇ ಆಗಿಹೋಯಿತು. ಮೊಬೈಲಿನಲ್ಲಿ ಯಾರಾದರೂ ಕೆಟ್ಟ ಫೋಟೋ ತೆಗೆದರೆ ಈಗಲೂ "ಮಾವನ ಫೋಟೋ" ಅಂತೀವಿ. ನಾನೂ ಅಂದಿದ್ದೇನೆ, ಅವರ ಎದುರಿಗೇ. ಅವರು ಕನ್ನಡಕ ಮಾಡಿಸಿಕೊಂಡರು, ಕ್ಯಾಮೆರಾ ಬೀರುವಿಗೆ ಹೋಯಿತು.

ನಾನು ಮೊದಲ ರೋಲು ಹಾಕಿದಾಗ ನನ್ನದೂ ಅದೇ ಕಥೆ. ಚಾಮುಂಡಿ ಬೆಟ್ಟ ಚೆನ್ನಾಗಿ ಬಂತು, ಹೆಂಡತಿ ಬರಲಿಲ್ಲ. ರಿಪೇರಿಯವನ ಹತ್ತಿರ ಒಯ್ದೆ. ಅವನು ರಿಂಗನ್ನು ಎರಡು ಸಲ ಆಚೆ ಈಚೆ ತಿರುಗಿಸಿ, "ರಿಂಗ್ ತಿರುಗ್ತಾ ಇದೆಯಲ್ಲ ಸಾರ್, ಇನ್ನೇನು ಬೇಕು? ಹಳೇ ಪೀಸು, ಶೋಕೇಸಲ್ಲಿ ಇಡಿ" ಅಂದ. ತಿರುಗಿದರೆ ಸಾಕು ಅನ್ನುವ ಜನ ಎಲ್ಲ ಕಸುಬಿನಲ್ಲೂ ಇರುತ್ತಾರೆ.

ಮನೆಗೆ ಬಂದು ಕ್ಯಾಮೆರಾದ ಹಿಂಬದಿ ತೆರೆದೆ. ಫಿಲಂ ಕೂರುವ ಕಂಬಿಗಳ ಮೇಲೆ ಮಬ್ಬುಗಾಜಿನ ಚೂರು ಇಟ್ಟು, ಶಟರನ್ನು 'ಬಿ'ಯಲ್ಲಿ, ಅಂದರೆ ಒತ್ತಿ ಹಿಡಿದಷ್ಟು ಹೊತ್ತೂ ಮುಚ್ಚದ ಹಾಗೆ, ತೆರೆದಿಟ್ಟೆ. ಗಾಜಿನ ಮೇಲೆ ಬೆಟ್ಟ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡಿತು. ಈಗ ಹತ್ತಡಿ ದೂರದ ಗೇಟಿಗೆ ತಿರುಗಿಸಿ ರಿಂಗಿನಲ್ಲಿ ಹತ್ತು ಇಟ್ಟೆ. ಗೇಟು ಮಸುಕು. ಅದರ ಹಿಂದಿನ ತೆಂಗಿನಮರ ಮಾತ್ರ ಸ್ಪಷ್ಟ. ರಿಂಗನ್ನು ಎಷ್ಟು ತಿರುಗಿಸಿದರೂ ಲೆನ್ಸಿನ ನೋಟ ದೂರದಲ್ಲೇ ಕೂತಿತ್ತು, ಹತ್ತಿರಕ್ಕೆ ಬರಲು ಒಲ್ಲೆ ಅನ್ನುವ ಹಾಗೆ.

ಈ ಲೆನ್ಸಿನ ಹೆಸರು ಅಪೊಟಾರ್. ಒಳಗೆ ಮೂರು ಗಾಜು. ರಿಂಗು ತಿರುಗಿಸಿದಾಗ ಮುಂದಿನ ಗಾಜು ಮಾತ್ರ ಮುಂದೆ ಸರಿಯಬೇಕು, ನಡುವಿನದು ಅಲ್ಲಾಡಕೂಡದು. ಇವೆರಡರ ನಡುವಿನ ಅಂತರ ಬದಲಾದರೇನೇ ಹತ್ತಿರದ್ದು ಸ್ಪಷ್ಟವಾಗುವುದು. ಈ ಗಾಜುಗಳು ಸ್ಕ್ರೂವಿನ ಹಾಗೆ ತಿರುಗಿ ಕೂರುವ ಮರೆಗೆ ಅಗ್ಫಾದವರು ಹಾಕಿದ್ದ ಹಸಿರು ಗ್ರೀಸು ವರ್ಷ ಕಳೆದಂತೆ ಅಂಟಾಗಿ, ಗಟ್ಟಿಯಾಗುತ್ತದೆ. ಹಳೇ ಅಗ್ಫಾ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ರೋಗ. ರಿಂಗಿನ ಸುತ್ತ ಇರುವ ಮೂರು ಪುಟ್ಟ ಸ್ಕ್ರೂ ಸಡಿಲಿಸಿ ರಿಂಗು ತೆಗೆದು, ಎರಡೂ ಗಾಜಿನ ಅಂಚಿಗೆ ಮಾರ್ಕರಿನಲ್ಲಿ ಚುಕ್ಕೆ ಇಟ್ಟು ತಿರುಗಿಸಿದೆ. ಎರಡು ಚುಕ್ಕೆಯೂ ಜಾತ್ರೆಗೆ ಹೊರಟ ಗಂಡಹೆಂಡಿರ ಹಾಗೆ ಒಟ್ಟಿಗೇ ಹೊರಟವು.

ಬಿಡಿಸಲು ಮೂರು ದಿನ ಹಿಡಿಯಿತು. ಎರಡು ಸಲ ಲೈಟರಿನ ಪೆಟ್ರೋಲು ಹಾಕಿ ಇಡೀ ರಾತ್ರಿ ಬಿಟ್ಟೆ. ಪೆಟ್ರೋಲು ಪೂರ್ತಿ ಆರಿದ ಮೇಲೆ ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಕೊಟ್ಟೆ. (ಎರಡನ್ನೂ ಒಟ್ಟಿಗೆ ಮಾಡಬೇಡಿ, ಮನೆ ಉಳಿಯಲ್ಲ.) ಕೊನೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿದು ತಿರುಚಿದಾಗ 'ಟಿಕ್' ಅಂತ ಬಿಟ್ಟುಕೊಂಡಿತು. ಮರೆಯಲ್ಲಿ ಹಸಿರು ಮೇಣದಂಥದ್ದು ತುಂಬಿತ್ತು. ಕೆರೆದು ತೆಗೆದು, ನಡುವಿನ ಗಾಜನ್ನು ಬಿಗಿಯಾಗಿ ಕೂರಿಸಿ, ಮುಂದಿನದಕ್ಕೆ ಒಂದು ಚೂರು ಹೊಸ ಗ್ರೀಸು ಸವರಿದೆ. ಸಂಜೆ ತಾರಸಿಗೆ ಹೋಗಿ, ಬೆಟ್ಟದ ರಸ್ತೆಯ ದೀಪಗಳು ಮಬ್ಬುಗಾಜಿನ ಮೇಲೆ ಸೂಜಿಮೊನೆಯಷ್ಟಾಗುವ ತನಕ ತಿರುಗಿಸಿ, ಅಲ್ಲಿ ರಿಂಗನ್ನು ಅನಂತಕ್ಕೆ ಇಟ್ಟು ಮೂರೂ ಸ್ಕ್ರೂ ಬಿಗಿದೆ. ಆಮೇಲೆ ಹತ್ತಡಿಗೆ ಪೇಪರು ಹಿಡಿಸಿದೆ. ತಲೆಬರಹ ಓದಲು ಬಂತು!

ಖುಷಿಯಲ್ಲಿ ಹಳೇ ಆಲ್ಬಮ್ ತೆಗೆದೆ. ತೆಗೆಯಬಾರದಿತ್ತೇನೋ. ಕೈ ನಡುಗಿದರೆ ಇಡೀ ಫೋಟೋ ಕದಡುತ್ತದೆ, ಯಾವುದೂ ಉಳಿಯುವುದಿಲ್ಲ. ಮಾವನ ಫೋಟೋದಲ್ಲಿ ಅಕ್ಕ ಭಾವ ಮಸುಕು, ಆದರೆ ಹಿಂದಿನ ಚಪ್ಪರದ ತೆಂಗಿನಗರಿಯನ್ನು ಎಳೆ ಎಳೆಯಾಗಿ ಎಣಿಸಬಹುದು. ಒಂದರಲ್ಲಿ ಹಿಂದೆ ಗೋಡೆಗೆ ಒರಗಿಸಿದ್ದ ಚಾಪೆಯ ಹೆಣಿಗೆ ಕಾಣುತ್ತದೆ. ಕೈ ಕಲ್ಲಿನ ಹಾಗಿತ್ತು. ಅದಕ್ಕೆ ಸಾಕ್ಷಿ ನಲವತ್ತು ವರ್ಷದಿಂದ ನಮ್ಮ ಬೀರುವಿನಲ್ಲೇ ಇತ್ತು. ಹಬ್ಬಕ್ಕೊಮ್ಮೆ ತೆಗೆದು ನೋಡಿ ನಗುತ್ತಿದ್ದೆವು. ಚಿಕ್ಕಮ್ಮನ ಗಾದೆಯಂತೂ ರೋಗವನ್ನು ಸರಿಯಾಗಿಯೇ ಹೇಳಿತ್ತು, ರೋಗಿ ಮಾತ್ರ ಬೇರೆ. ಗೋಪುರ ದೂರ ಇರುತ್ತದೆ, ಜನ ಹತ್ತಿರ ನಿಲ್ಲುತ್ತಾರೆ, ಅಷ್ಟೇ ವ್ಯತ್ಯಾಸ.

ಅದಕ್ಕೇ ಫೋನ್ ಮಾಡಿದ್ದು. "ಗ್ರೀಸಾ?" ಅಂದರು. ಅದು ಸಮಾಧಾನವೋ, ಸಿಟ್ಟೋ ಇನ್ನೂ ಗೊತ್ತಾಗಿಲ್ಲ. ಬಸ್ಸಿನಲ್ಲಿ ಕೂತು ಆ ದನಿಯನ್ನು ಒಂದೊಂದು ಥರ ಹೇಳಿಕೊಂಡು ನೋಡಿದೆ. ದೊಡ್ಡ ಕಾಯಿಲೆಯಾಗಿದ್ದರೆ ಒಪ್ಪಬಹುದಿತ್ತೇನೋ. ಉಗುರಿನಷ್ಟು ಗ್ರೀಸಿಗೆ ತನಗಿಷ್ಟದ ಕೆಲಸ ಬಿಟ್ಟು ಕೂತೆನಲ್ಲ ಅಂತ ಅನಿಸಿರಬಹುದಾ? ಮಾವ ರೋಲುಗಳನ್ನು ತಾವೇ ತೊಳೆಯುತ್ತಿದ್ದರು, ಹಿತ್ತಲ ಬಚ್ಚಲಮನೆಯಲ್ಲಿ, ಕಿಟಕಿಗೆ ಕಂಬಳಿ ಹೊದಿಸಿ. ಅಷ್ಟು ನಾಜೂಕಿನ ಮನುಷ್ಯನನ್ನು ಯಾರೂ ಒಂದು ಸಲವೂ "ಕ್ಯಾಮೆರಾ ನೋಡಿಸಿದ್ಯಾ?" ಅಂತ ಕೇಳಲಿಲ್ಲ. ಕನ್ನಡಕದ ಅಂಗಡಿಗೆ ಮಾತ್ರ ಕಳಿಸಿದೆವು.

ಅಕ್ಕನಿಗೂ ಹೇಳಿದೆ. "ಮುಖ ಕಾಣದೇ ಇದ್ದದ್ದೇ ಒಳ್ಳೇದಾಯ್ತು ಬಿಡೋ, ಅವತ್ತು ಅತ್ತೂ ಅತ್ತೂ ಮೂತಿ ಊದಿತ್ತು" ಅಂತ ನಕ್ಕಳು. ಆಮೇಲೆ ಮಾವನ ನಂಬರ್ ಕೇಳಿ ಬರೆದುಕೊಂಡಳು.

ಗುರುವಾರ ಮಾವನೇ ಫೋನ್ ಮಾಡಿದರು. ರೋಲು ಈಗ ಸಿಗುತ್ತಾ, ಎಷ್ಟು ಅಂತ ವಿಚಾರಿಸಿದರು. ಬೆಲೆ ಕೇಳಿ ಬೈದರು. ಭಾನುವಾರ ಕ್ಯಾಮೆರಾ ತಗೊಂಡು ಬಾ, ನಿಮ್ಮಕ್ಕನೂ ಬರ್ತಾಳಂತೆ ಅಂದರು.

"ಟ್ರೈಪಾಡ್ ತರಲಾ ಮಾವ?"

"ಯಾಕೆ? ನನ್ನ ಕೈ ನಡುಗಲ್ಲ."

ಎಂಬತ್ತು ವರ್ಷ. ಕಾಫಿ ಲೋಟ ಹಿಡಿದರೆ ಈಗ ನಿಜವಾಗಿಯೂ ನಡುಗುತ್ತದೆ. ಆಯ್ತು, ತರಲ್ಲ ಅಂದೆ.