ಮನೆಯಲ್ಲೇ ಮಾಡುವ ಕಾರ್ಡಿಯೊ: ಪುರುಸೊತ್ತಿಲ್ಲದ ತಂದೆತಾಯಂದಿರಿಗೆ ನನ್ನ ಉತ್ತರ

ಬಡಾವಣೆಯ ದೊಡ್ಡವರಿಗೆ ವ್ಯಾಯಾಮ ಹೇಳಿಕೊಡುವ ನನ್ನನ್ನು ಚಿಕ್ಕ ಮಕ್ಕಳಿರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಸ್ಕೂಲು, ಆಫೀಸು, ಅಡುಗೆ ಎಲ್ಲಾ ಮುಗಿಯೋಷ್ಟರಲ್ಲಿ ಸಾಕಾಗಿ ಹೋಗಿರುತ್ತೆ. ಜಿಮ್ಮಿಗೆ ಹೋಗೋಕಂತೂ ಆಗಲ್ಲ. ಮನೆಯಲ್ಲೇ ಮಾಡೋಕೆ ಯಾವ ಕಾರ್ಡಿಯೊ ಒಳ್ಳೇದು?" ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಟ್ರೆಡ್‌ಮಿಲ್ಲೋ ಸೈಕಲ್ಲೋ ಎಂಬ ಲೆಕ್ಕಾಚಾರ ನಡೆದಿರುತ್ತದೆ, ಯಾವುದರಲ್ಲಿ ಹೆಚ್ಚು ಕ್ಯಾಲೊರಿ ಕರಗುತ್ತದೆ ಎಂದು ನಾನು ತೀರ್ಪು ಕೊಟ್ಟರೆ ಸಾಕು ಎಂದುಕೊಂಡಿರುತ್ತಾರೆ. ಕಾರ್ಡಿಯೊ ಎಂದರೆ ಎದೆಬಡಿತವನ್ನೂ ಉಸಿರಾಟವನ್ನೂ ಏರಿಸುವ ವ್ಯಾಯಾಮ. ಅದನ್ನು ಆರಿಸಲು ನಾನು ಹೇಳುವ ಅಳತೆ ಬೇರೆ. ಮಗು ಅತ್ತಾಗ, ಕುಕ್ಕರ್ ಕೂಗಿದಾಗ, ಕಚೇರಿಯ ಕರೆ ಬಂದಾಗ ಅರ್ಧಕ್ಕೆ ಬಿಟ್ಟು ಹೋದರೂ ಮಾಡಿದಷ್ಟು ವ್ಯರ್ಥವಾಗದ, ಮತ್ತೆ ಶುರುಮಾಡಲು ಯಾವ ಸಿದ್ಧತೆಯನ್ನೂ ಬೇಡದ ವ್ಯಾಯಾಮವನ್ನೇ ಮೊದಲು ಆರಿಸಿಕೊಳ್ಳಬೇಕು.

ಇದು ಸಮಾಧಾನಪಡಿಸಲು ಆಡುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಸೂಚನೆಗಳ ಪ್ರಕಾರ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಎಡೆಬಿಡದೆ ಮಾಡಿದ ಶ್ರಮ ಮಾತ್ರ ಲೆಕ್ಕಕ್ಕೆ ಸೇರುತ್ತಿತ್ತು. 2020ರಲ್ಲಿ ಆ ನಿಯಮವನ್ನೇ ಸಂಸ್ಥೆ ಕೈಬಿಟ್ಟಿತು. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ ಎಂಬುದು ಈಗಿನ ಗುರಿ. ಅದನ್ನು ಎರಡು ನಿಮಿಷ, ಐದು ನಿಮಿಷಗಳ ತುಣುಕುಗಳಲ್ಲಿ ಕೂಡಿಸಿಕೊಳ್ಳಬಹುದು. 2022ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬ್ರಿಟನ್ನಿನಲ್ಲಿ ವ್ಯಾಯಾಮದ ಅಭ್ಯಾಸವೇ ಇಲ್ಲದ 25 ಸಾವಿರಕ್ಕೂ ಹೆಚ್ಚು ಜನರ ಚಲನೆಯನ್ನು ಮಣಿಕಟ್ಟಿಗೆ ಕಟ್ಟಿದ ಉಪಕರಣದಿಂದ ಅಳೆದು, ದಿನನಿತ್ಯದ ಕೆಲಸಗಳ ನಡುವೆಯೇ ಒಂದೆರಡು ನಿಮಿಷ ಏದುಸಿರು ಬರುವಂತೆ ದಿನಕ್ಕೆ ಮೂರು ಸಲ ಶ್ರಮಿಸಿದವರಲ್ಲಿ ಸಾವಿನ ಅಪಾಯ ಗಣನೀಯವಾಗಿ ಕಡಿಮೆಯಿದ್ದುದನ್ನು ಕಂಡಿತು. ಅದು ಗಮನಿಸಿ ನೋಡಿದ ಅಧ್ಯಯನವೇ ಹೊರತು ಪ್ರಯೋಗವಲ್ಲ, ಮತ್ತು ಅದರಲ್ಲಿದ್ದವರ ಸರಾಸರಿ ವಯಸ್ಸು 60 ದಾಟಿತ್ತು. ಆದರೂ ದಿಕ್ಕು ಸ್ಪಷ್ಟವಾಗಿದೆ.

ಮಧ್ಯಮ ಶ್ರಮವೆಂದರೆ ಎಷ್ಟು ಎಂದು ತಿಳಿಯಲು ಕೈಗಡಿಯಾರದ ಅಗತ್ಯವಿಲ್ಲ. ಮಾತಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಎಂಬ ಸ್ಥಿತಿ ಮಧ್ಯಮ. ನಾಲ್ಕು ಪದ ಆಡುವಷ್ಟರಲ್ಲಿ ಉಸಿರೆಳೆದುಕೊಳ್ಳಬೇಕಾದರೆ ಅದು ತೀವ್ರ. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಹೃದಯಬಡಿತವನ್ನು ಲೆಕ್ಕ ಹಾಕುವ ಸೂತ್ರವನ್ನು ಅನೇಕರು ನಂಬುತ್ತಾರೆ, ಆದರೆ ಅದು ಸರಾಸರಿಯ ಸೂತ್ರ. ಬಿಪಿಗಾಗಿ ಬೀಟಾ ಬ್ಲಾಕರ್ ಎಂಬ, ಎದೆಬಡಿತವನ್ನು ನಿಧಾನಗೊಳಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ದಾರಿ ತಪ್ಪಿಸುತ್ತದೆ.

ಈ ಅಳತೆಗೋಲಿನಿಂದ ನೋಡಿದಾಗ ನನ್ನ ಮೊದಲ ಆಯ್ಕೆ ಮೆಟ್ಟಿಲು. ಅಪಾರ್ಟ್‌ಮೆಂಟಿನಲ್ಲಿ ಅದು ಬಾಗಿಲಾಚೆಗೇ ಇದೆ, ಸ್ವಂತ ಮನೆಯಾದರೆ ಮಹಡಿಯ ಮೆಟ್ಟಿಲು ಇರುತ್ತದೆ, ಅದೂ ಇಲ್ಲದಿದ್ದರೆ ಅಲುಗಾಡದ ಗಟ್ಟಿ ಮಣೆಯೊಂದರ ಮೇಲೆ ಹತ್ತಿ ಇಳಿದರೂ ನಡೆಯುತ್ತದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಟಿಕೆಟ್ ಕೊಡಲು ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ವಿಜ್ಞಾನಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದ್ದರು. ವ್ಯಾಯಾಮ ಮತ್ತು ಹೃದಯದ ಸಂಬಂಧದ ಆಧುನಿಕ ಸಂಶೋಧನೆಗೆ ಬುನಾದಿ ಹಾಕಿದ ಕೆಲಸವದು. ಅದೇ ಮಾರಿಸ್ ಕೆಲ ವರ್ಷಗಳ ನಂತರ ಸಮವಸ್ತ್ರದ ಪ್ಯಾಂಟಿನ ಅಳತೆಗಳನ್ನು ಪರಿಶೀಲಿಸಿ, ಚಾಲಕರ ಸೊಂಟ ಕೆಲಸಕ್ಕೆ ಸೇರುವಾಗಲೇ ದೊಡ್ಡದಾಗಿತ್ತು ಎಂಬುದನ್ನೂ ಪ್ರಕಟಿಸಿದರು. ತಮ್ಮ ತೀರ್ಮಾನವನ್ನು ತಾವೇ ಹೀಗೆ ಒರೆಗೆ ಹಚ್ಚಿದ್ದಕ್ಕಾಗಿ ಆ ವಿಜ್ಞಾನಿಯ ಮೇಲೆ ನನಗೆ ಹೆಚ್ಚಿನ ಗೌರವ.

ಮೆಟ್ಟಿಲಿನ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಹೃದಯಕ್ಕೆ ಕೆಲಸ ಸಿಗುವುದು ಹತ್ತುವಾಗ. ಇಳಿಯುವಾಗ ಮಂಡಿಯ ಮೇಲೆ ಭಾರ ಬೀಳುತ್ತದೆ, ಮರುದಿನ ತೊಡೆ ಹಿಡಿದುಕೊಳ್ಳುವುದೂ ಬಹುಪಾಲು ಇಳಿದದ್ದರಿಂದಲೇ. ಆದ್ದರಿಂದ ಮಂಡಿನೋವಿರುವವರು ಹತ್ತಿ ಹೋಗಿ ಲಿಫ್ಟಿನಲ್ಲಿ ಇಳಿದು ಬರಲಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎರಡನೆಯದು ಕ್ಯಾಲೊರಿಯ ಮಾತು. 60 ಕಿಲೋ ತೂಕದವರು ಒಂದು ಮಹಡಿ ಹತ್ತಿದರೆ ಖರ್ಚಾಗುವುದು ಸುಮಾರು 2 ಕ್ಯಾಲೊರಿ. ಹತ್ತು ಮಹಡಿ ಹತ್ತಿದರೂ ಒಂದು ಸಣ್ಣ ಚಮಚ ಸಕ್ಕರೆಯ ಲೆಕ್ಕ ತೀರುತ್ತದೆ, ಅಷ್ಟೆ. ತೂಕ ಇಳಿಸುವ ಕೆಲಸ ಹೆಚ್ಚಾಗಿ ಊಟದ ತಟ್ಟೆಯಲ್ಲಿ ಆಗಬೇಕು. ಕಾರ್ಡಿಯೊದಿಂದ ಬಯಸಬೇಕಾದದ್ದು ಹೃದಯ ಮತ್ತು ಶ್ವಾಸಕೋಶದ ಬಲ, ಹತೋಟಿಯಲ್ಲಿರುವ ರಕ್ತದೊತ್ತಡ ಮತ್ತು ಸಕ್ಕರೆ, ರಾತ್ರಿ ಒಳ್ಳೆಯ ನಿದ್ದೆ.

ಸ್ಕಿಪ್ಪಿಂಗ್ ಹಗ್ಗ ಅಗ್ಗದ್ದು, ಚುರುಕು ನಡಿಗೆಯ ಎರಡು ಮೂರು ಪಟ್ಟು ಶ್ರಮ ಕೊಡುವಂಥದ್ದು. ಆದರೆ ಅದು ಎಲ್ಲ ಮನೆಗೂ ಹೊಂದುವುದಿಲ್ಲ: ತಲೆಯ ಮೇಲೆ ಫ್ಯಾನು, ಕಾಲ ಕೆಳಗೆ ಟೈಲ್ಸು, ಅದರ ಕೆಳಗೆ ಇನ್ನೊಬ್ಬರ ಮಲಗುವ ಕೋಣೆ. ನೆಲಮಹಡಿಯಲ್ಲಿರುವವರು ಅಥವಾ ಟೆರೇಸಿಗೆ ಹೋಗಬಲ್ಲವರು ಶೂ ಹಾಕಿಕೊಂಡು ಅರ್ಧ ನಿಮಿಷ ಹಾರಿ ಅರ್ಧ ನಿಮಿಷ ನಿಲ್ಲುವ ಕ್ರಮದಲ್ಲಿ ಮಾಡಬಹುದು. ಹೆರಿಗೆಯಾಗಿ ಮೂರು ತಿಂಗಳಾದರೂ ಕಳೆಯುವ ಮೊದಲು ಹಾರುವುದು, ಓಡುವುದು ಬೇಡ. ಆಮೇಲೆಯೂ ಹಾರಿದಾಗ ಮೂತ್ರ ಸೋರಿದರೆ ಅದನ್ನು 'ತಾಯಿಯಾದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಸಹಿಸಿಕೊಂಡು ಸುಮ್ಮನಿರಬಾರದು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಂಡಿರುವುದರ ಸೂಚನೆಯದು, ಫಿಸಿಯೋಥೆರಪಿಯಿಂದ ಬಹಳಷ್ಟು ಸುಧಾರಿಸುತ್ತದೆ. ಈ ಸಮಸ್ಯೆಯನ್ನು ಹೇಳಿಕೊಳ್ಳಲಾಗದೆ ವ್ಯಾಯಾಮವನ್ನೇ ಬಿಟ್ಟ ಹೆಂಗಸರು ಬೇಕಾದಷ್ಟಿದ್ದಾರೆ.

ಜಾಗ ಕಡಿಮೆ, ಸದ್ದೂ ಆಗಬಾರದು ಎನ್ನುವವರಿಗೆ ಸೂರ್ಯನಮಸ್ಕಾರ ಚೆನ್ನಾಗಿ ಹೊಂದುತ್ತದೆ. ಒಂದು ಚಾಪೆ ಹಾಸುವಷ್ಟು ಜಾಗ ಸಾಕು, ಮಗು ಪಕ್ಕದ ಕೋಣೆಯಲ್ಲಿ ಮಲಗಿದ್ದರೂ ಎಚ್ಚರವಾಗುವುದಿಲ್ಲ, ಯಾವ ಸುತ್ತಿನ ಕೊನೆಯಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದೊಂದು ಭಂಗಿಯಲ್ಲೂ ನಾಲ್ಕಾರು ಉಸಿರು ನಿಂತರೆ ಅದು ಆಸನಾಭ್ಯಾಸವಾಗುತ್ತದೆ. ಒಂದು ಉಸಿರಿಗೆ ಒಂದು ಭಂಗಿಯಂತೆ ಬಿಡುವಿಲ್ಲದೆ ಸಾಗಿದರೆ ಮಾತ್ರ ಎದೆಬಡಿತ ಏರುತ್ತದೆ. ರಥಸಪ್ತಮಿಯಂದು 108 ಹಾಕಿ ವಾರವಿಡೀ ಭುಜ ನೋವೆನ್ನುವುದಕ್ಕಿಂತ, ದಿನಕ್ಕೆ ಆರೋ ಎಂಟೋ ಹಾಕುವುದು ಲೇಸು.

ಇನ್ನು ಯಂತ್ರಗಳು. ನಿಂತಲ್ಲೇ ತುಳಿಯುವ ಸೈಕಲ್ ಸದ್ದು ಮಾಡುವುದಿಲ್ಲ, ಮಂಡಿಗೂ ಹಿತ. ಕೊಳ್ಳುವುದೇ ಆದರೆ ನನ್ನ ಓಟು ಅದಕ್ಕೆ, ಅದೂ ಚಕ್ರ ಮತ್ತು ಚೈನು ಪೂರ್ತಿ ಮುಚ್ಚಿರುವ ಮಾದರಿಗೆ. ಟ್ರೆಡ್‌ಮಿಲ್ಲನ್ನು ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ನಾನು ಸೂಚಿಸುವುದಿಲ್ಲ. ಅಮೆರಿಕದ ಪೆಲೊಟನ್ ಕಂಪನಿ ಮಗುವೊಂದರ ಸಾವಿನ ಬಳಿಕ 2021ರಲ್ಲಿ ತನ್ನ ಟ್ರೆಡ್ ಪ್ಲಸ್ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು; ಮಕ್ಕಳು, ಸಾಕುಪ್ರಾಣಿಗಳು, ಚೆಂಡುಗಳು ಯಂತ್ರದ ಹಿಂಬದಿಯಿಂದ ಅಡಿಗೆ ಎಳೆಯಲ್ಪಟ್ಟ ಹತ್ತಾರು ದೂರುಗಳಿದ್ದವು. ಈಗಾಗಲೇ ಟ್ರೆಡ್‌ಮಿಲ್ ಮನೆಯಲ್ಲಿದ್ದರೆ, ತೆಗೆದರೆ ಯಂತ್ರ ಓಡದಂತೆ ಮಾಡುವ ಅದರ ಸೇಫ್ಟಿ ಕೀಯನ್ನು ತೆಗೆದು ಮಕ್ಕಳ ಕೈಗೆಟುಕದಲ್ಲಿ ಇಡಿ, ಪ್ಲಗ್ಗನ್ನೂ ಕಿತ್ತಿಡಿ.

"ಮನೆ ಕೆಲಸ ಮಾಡ್ತೀನಲ್ಲ, ಅದು ಸಾಲದಾ?" ಎಂದು ತಾಯಂದಿರು ಕೇಳುತ್ತಾರೆ. ಬಟ್ಟೆಯಿಂದ ನೆಲ ಒರೆಸುವಂಥ ಕೆಲಸ ಎಡೆಬಿಡದೆ ನಡೆದರೆ ಮಧ್ಯಮ ಶ್ರಮಕ್ಕೆ ಸೇರುತ್ತದೆ. ನಿಂತು ಪಾತ್ರೆ ತೊಳೆಯುವುದು, ಚಪಾತಿ ಲಟ್ಟಿಸುವುದು ದಣಿಸುತ್ತವೆಯೇ ಹೊರತು ಎದೆಬಡಿತವನ್ನು ಏರಿಸುವುದಿಲ್ಲ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸಾಕಷ್ಟು ಶಾರೀರಿಕ ಚಟುವಟಿಕೆ ಇಲ್ಲದವರು ಹೆಂಗಸರಲ್ಲಿ 57 ಪ್ರತಿಶತ, ಗಂಡಸರಲ್ಲಿ 42. ಇವೆರಡನ್ನೂ ಒಟ್ಟಿಗೆ ನೋಡಿದ ಮೇಲೆ ಹೆಂಗಸರಿಗೆ ಆಸಕ್ತಿಯಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಂಡಹೆಂಡತಿ ಇಬ್ಬರೂ ಬಂದು ಸಲಹೆ ಕೇಳಿದರೆ, ಬೆಳಿಗ್ಗೆ ಡಬ್ಬಿ ಕಟ್ಟಿ ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವ ಕೆಲಸವನ್ನು ವಾರದಲ್ಲಿ ಮೂರು ದಿನ ಯಜಮಾನರು ವಹಿಸಿಕೊಳ್ಳಲಿ ಎಂಬುದನ್ನೇ ಮೊದಲು ಹೇಳುತ್ತೇನೆ.

ಸಂಜೆ ಮಕ್ಕಳು ಬಿಡುವುದೇ ಇಲ್ಲ ಎನ್ನುವವರು ಟೆರೇಸಿನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆಯಲಿ. ಒಂಟಿ ಕಾಲಿನಲ್ಲಿ ಎಂಟು ಮನೆ ಕುಂಟಿ ತಿರುಗಿ ಬರುವುದು ನಲವತ್ತರ ದೇಹಕ್ಕೆ ಸಣ್ಣ ಶ್ರಮವಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕೆಂಬ ಸಲಹೆಯಿದೆ. ಅದರಲ್ಲೂ ಸ್ವಲ್ಪ ಭಾಗ ಅಲ್ಲೇ ಆಗಿಹೋಗುತ್ತದೆ.

ಸಕ್ಕರೆ ಕಾಯಿಲೆ, ಬಿಪಿ ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಚರಿತ್ರೆ ಇರುವವರು ತೀವ್ರ ಶ್ರಮಕ್ಕೆ ಇಳಿಯುವ ಮೊದಲು ವೈದ್ಯರನ್ನು ಕಾಣಬೇಕು. ವ್ಯಾಯಾಮದ ನಡುವೆ ಎದೆ ಹಿಂಡಿದಂತಾದರೆ, ಎಡಗೈಗೋ ದವಡೆಗೋ ನೋವು ಹಬ್ಬಿದರೆ, ಕಣ್ಣು ಕತ್ತಲೆ ಬಂದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಅಲ್ಲಿಗೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.