ಓಟದ ಅಂಕಣದಿಂದ ಶಾಸನಸಭೆಗೆ

1968ರ ಮೆಕ್ಸಿಕೊ ಒಲಿಂಪಿಕ್ಸ್‌ನ 1500 ಮೀಟರ್ ಓಟದ ದೃಶ್ಯವನ್ನು ಇಂದು ಮತ್ತೆ ನೋಡಿದೆ. ಕೀನ್ಯಾದ ಕಿಪ್ ಕೀನೊ ಬಹಳ ಮುಂದೆ ಓಡುತ್ತಿರುತ್ತಾರೆ. ಮೈಲಿ ಓಟದ ವಿಶ್ವದಾಖಲೆ ಹೊಂದಿದ್ದ ಅಮೆರಿಕದ ಜಿಮ್ ರೈಯನ್ ಕೊನೆಯ ಸುತ್ತಿನಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬಂದರೂ ಸುಮಾರು ಮೂರು ಸೆಕೆಂಡುಗಳ ಅಂತರ ಉಳಿದೇಬಿಡುತ್ತದೆ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಆ ನಗರದ ತೆಳುಗಾಳಿಯಲ್ಲಿ ಪಡೆದ ಆ ಬೆಳ್ಳಿಯನ್ನು ಸೋಲೆನ್ನಲು ನನಗೆ ಮನಸ್ಸಾಗದು. 1972ರ ಮ್ಯೂನಿಕ್‌ನಲ್ಲಂತೂ ಪ್ರಾಥಮಿಕ ಸುತ್ತಿನಲ್ಲೇ ಮತ್ತೊಬ್ಬ ಓಟಗಾರನಿಗೆ ತಾಗಿ ನೆಲಕ್ಕುರುಳಿದರು. ಎದ್ದು ಓಟ ಮುಗಿಸಿದರೂ ಮುಂದಿನ ಸುತ್ತಿಗೆ ಅವಕಾಶ ದೊರೆಯಲಿಲ್ಲ.

ಇದೇ ರೈಯನ್ 1996ರಲ್ಲಿ ಕ್ಯಾನ್ಸಸ್ ರಾಜ್ಯದ ಎರಡನೆಯ ಕ್ಷೇತ್ರದಿಂದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಅಮೆರಿಕದ ಕೆಳಮನೆಗೆ ಆಯ್ಕೆಯಾಗಿ ಸುಮಾರು ಹತ್ತು ವರ್ಷ ಅಲ್ಲಿದ್ದರು. ಕ್ರೀಡಾಪಟುಗಳು ಹೆಸರಿನ ಬಲದಿಂದ ಗೆದ್ದು ಸುಮ್ಮನೆ ಕೂರುತ್ತಾರೆಂಬ ಮಾತು ಇವರಿಗೆ ಒಪ್ಪುವುದಿಲ್ಲ. ತಮ್ಮದೇ ಪಕ್ಷದವರಾಗಿದ್ದ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಬಯಸಿ ತಂದ 2001ರ ಶಿಕ್ಷಣ ಮಸೂದೆಗೂ, 2003ರಲ್ಲಿ ಹಿರಿಯರ ಔಷಧವೆಚ್ಚವನ್ನು ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯವಿಮೆಗೆ ಸೇರಿಸಿದ ಮಸೂದೆಗೂ ಅವರು ವಿರುದ್ಧವಾಗಿ ಮತ ಹಾಕಿದರು. ಹಿರಿಯರ ಔಷಧದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಆದರೆ ಸರ್ಕಾರದ ಹರವು ಮಿತಿಯಲ್ಲಿರಬೇಕೆಂಬ ನಿಲುವನ್ನು, ಸ್ವಂತ ಪಕ್ಷ ಅಧಿಕಾರದಲ್ಲಿದ್ದಾಗಲೂ ಬಿಟ್ಟುಕೊಡದ ಆ ನಿಷ್ಠೆಯನ್ನು ನಾನು ಗೌರವಿಸುತ್ತೇನೆ.

2006ರಲ್ಲಿ ಅವರು ಡೆಮಾಕ್ರಟಿಕ್ ಪಕ್ಷದ ನ್ಯಾನ್ಸಿ ಬಾಯ್ಡಾ ಎದುರು ಸೋತರು. 2008ರಲ್ಲಿ ಮರಳಿ ಸ್ಪರ್ಧಿಸಲು ಹೊರಟಾಗ ಸ್ವಪಕ್ಷದ ಮತದಾರರೇ ಲಿನ್ ಜೆಂಕಿನ್ಸ್ ಅವರನ್ನು ಅಭ್ಯರ್ಥಿಯಾಗಿ ಆರಿಸಿದರು.